2¹²⁷ − 1: ಒಂದು ಮಹಾ ಅವಿಭಾಜ್ಯ ಸಂಖ್ಯೆ

ನೂರಿಪ್ಪತ್ತೇಳು ಎರಡುಗಳನ್ನು ಒಂದರೊಡನೊಂದು ಗುಣಿಸಿ ಬಂದ ಲಬ್ಧದಿಂದ ಒಂದನ್ನು ಕಳೆದರೆ ಉಳಿಯುವ, ದಶಮಾನ ಪದ್ಧತಿಯಲ್ಲಿ ಮೂವತ್ತೊಂಬತ್ತು ಅಂಕಿಗಳುಳ್ಳ ಅವಿಭಾಜ್ಯ ಸಂಖ್ಯೆ. ಬಿಡಿಸಿ ಬರೆದಾಗ ಅದರ ರೂಪ ಇದು: 170141183460469231731687303715884105727. ಮರ್ಸೆನ್ ಅವಿಭಾಜ್ಯಗಳೆಂದು ಹೆಸರಾದ ಸಂಖ್ಯೆಗಳ ಸಾಲಿನಲ್ಲಿ ಇದು ಹನ್ನೆರಡನೆಯದು. 1876ರಲ್ಲಿ ಫ್ರಾನ್ಸ್ ದೇಶದ ಗಣಿತಜ್ಞ ಎದುವಾರ್ ಲ್ಯೂಕಾ ಇದರ ಅವಿಭಾಜ್ಯತೆಯನ್ನು ಸ್ಥಾಪಿಸಿದನು. ಅಂದಿನಿಂದ 1951ರವರೆಗೆ, ಎಪ್ಪತ್ತೈದು ವರ್ಷಗಳ ಕಾಲ, ಮನುಷ್ಯರಿಗೆ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ಇದಕ್ಕಿಂತ ದೊಡ್ಡದು ಇರಲಿಲ್ಲ. ಯಂತ್ರದ ನೆರವಿಲ್ಲದೆ ಬರಿಯ ಕೈಲೆಕ್ಕದಿಂದ ಸಿದ್ಧವಾದ ಅವಿಭಾಜ್ಯಗಳಲ್ಲಿ ಇಂದಿಗೂ ಇದೇ ಹಿರಿದು. 2024ರಲ್ಲಿ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಮಿಕ್ಕಿದ ಅಂಕಿಗಳುಳ್ಳ 2¹³⁶²⁷⁹⁸⁴¹ − 1 ಎಂಬ ಅವಿಭಾಜ್ಯವು ದೊರಕಿದ ಮೇಲೆ ಮೂವತ್ತೊಂಬತ್ತು ಅಂಕಿಗಳ ಗಾತ್ರವು ಯಾರನ್ನೂ ಬೆರಗುಗೊಳಿಸಲಾರದು. ಆದರೆ ಈ ಸಂಖ್ಯೆಯ ಮಹತ್ತ್ವ ಮೊದಲಿನಿಂದಲೂ ಗಾತ್ರದಲ್ಲಿ ಇದ್ದುದಲ್ಲ. ಇದರ ಭಾಜಕಗಳನ್ನು ಒಂದೊಂದಾಗಿ ತಡಕಿ ನೋಡದೆಯೇ, ಇದರ ಮಗ್ಗುಲಲ್ಲಿ ನಿಂತಿರುವ 2¹²⁷ ಎಂಬ ನೆರೆಯ ಸಂಖ್ಯೆಯ ಸರಳ ರಚನೆಯನ್ನು ಹಿಡಿದು, ಇದರ ಅವಿಭಾಜ್ಯತೆಯನ್ನು ಸಾಧಿಸಬಹುದೆಂಬ ಹೊಸ ದಾರಿ ಮೊಟ್ಟಮೊದಲು ಪೂರ್ಣಪ್ರಯೋಜನಕ್ಕೆ ಬಂದುದು ಇಲ್ಲಿ.

ಎರಡರ ಯಾವುದಾದರೊಂದು ಘಾತಕ್ಕಿಂತ ಒಂದು ಕಡಮೆಯಾದ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಆ ಘಾತಾಂಕವೂ ಅವಿಭಾಜ್ಯವಾಗಿರಲೇಬೇಕೆಂಬುದು ಸುಲಭವಾಗಿ ಸಿದ್ಧವಾಗುವ ಸಂಗತಿ. ಇದರ ವಿಲೋಮವು ಮಾತ್ರ ನಿಜವಲ್ಲ: 11 ಅವಿಭಾಜ್ಯವಾದರೂ 2¹¹ − 1, ಎಂದರೆ 2047, 23 ಮತ್ತು 89ರ ಗುಣಲಬ್ಧ. ಯಾವ ಘಾತಾಂಕಗಳಿಗೆ ಅವಿಭಾಜ್ಯವು ದೊರೆಯುತ್ತದೆ, ಯಾವುವಕ್ಕೆ ದೊರೆಯದು ಎಂಬ ಪ್ರಶ್ನೆಯನ್ನು ಕುರಿತು ಪ್ಯಾರಿಸಿನ ಮಿನಿಮ್ ಪಂಥದ ಸಂನ್ಯಾಸಿ ಮಾರೆನ್ ಮರ್ಸೆನ್ (1588–1648) ತನ್ನ 1644ರ ಗ್ರಂಥದ ಪೀಠಿಕೆಯಲ್ಲಿ ಒಂದು ಪಟ್ಟಿಯನ್ನು ಕೊಟ್ಟನು. 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 ಇವು ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆಂಬುದು ಅವನ ಹೇಳಿಕೆ. ಅದಕ್ಕೆ ಆಧಾರವೇನೆಂಬುದನ್ನು ಅವನು ಹೇಳಲಿಲ್ಲ. ಅಷ್ಟು ದೊಡ್ಡ ಸಂಖ್ಯೆಗಳನ್ನು ಪರೀಕ್ಷಿಸುವ ಉಪಾಯವು ಅವನ ಕಾಲದಲ್ಲಿ ಯಾರ ಬಳಿಯೂ ಇರಲಿಲ್ಲವಾದ್ದರಿಂದ, ಪಟ್ಟಿಯ ಕೊನೆಯ ಭಾಗವನ್ನು ಧೈರ್ಯದ ಊಹೆಯೆಂದೇ ಎಣಿಸಬೇಕು. 67 ಮತ್ತು 257 ಅಲ್ಲಿ ಇರಬಾರದಾಗಿತ್ತು; 61, 89, 107 ಬಿಟ್ಟುಹೋಗಿದ್ದುವು. ಇವುಗಳಲ್ಲಿ 61ರ ಸಂಗತಿಯನ್ನು ರಷ್ಯದ ಪಾದ್ರಿ ಪೆರ್ವೂಶಿನ್ 1883ರಲ್ಲಿಯೂ, 89 ಮತ್ತು 107ರ ಸಂಗತಿಗಳನ್ನು ಅಮೆರಿಕದ ಪವರ್ಸ್ 1911 ಮತ್ತು 1914ರಲ್ಲಿಯೂ ಹೊರಗೆಡಹಿದರು. ಇಷ್ಟು ತಪ್ಪುಗಳ ನಡುವೆ 127 ಸರಿಯಾಗಿಯೇ ನಿಂತಿದ್ದುದನ್ನು ಮರ್ಸೆನ್ನನ ಅದೃಷ್ಟವೆನ್ನಬೇಕೋ ಅಥವಾ ಮುಂದೆ ಹೇಳಲಿರುವ 2, 3, 7, 127 ಎಂಬ ಸರಪಳಿಯು ಅವನ ಕಣ್ಣಿಗೆ ಬಿದ್ದಿತ್ತೆನ್ನಬೇಕೋ ನಿರ್ಣಯಿಸುವಂತಿಲ್ಲ.

ಇಂಥ ಸಂಖ್ಯೆಗಳ ಮೇಲಣ ಕುತೂಹಲಕ್ಕೆ ಮೂಲಕಾರಣ ಪರಿಪೂರ್ಣ ಸಂಖ್ಯೆಗಳು. ತನ್ನನ್ನುಳಿದು ತನ್ನ ಎಲ್ಲ ಭಾಜಕಗಳ ಮೊತ್ತಕ್ಕೆ ಸಮನಾದ 6, 28, 496ರಂಥ ಸಂಖ್ಯೆಗಳಿಗೆ ಪರಿಪೂರ್ಣವೆಂದು ಹೆಸರು. 2¹²⁷ − 1 ಅವಿಭಾಜ್ಯವಾದ ಕಾರಣ ಅದನ್ನು 2¹²⁶ರಿಂದ ಗುಣಿಸಿದಾಗ ಬರುವ ಎಪ್ಪತ್ತೇಳು ಅಂಕಿಗಳ ಸಂಖ್ಯೆ ಪರಿಪೂರ್ಣವೆಂಬುದು ಯೂಕ್ಲಿಡನ ನಿಯಮದಿಂದ ಕೂಡಲೆ ಫಲಿಸುತ್ತದೆ. ಸಮ ಪರಿಪೂರ್ಣ ಸಂಖ್ಯೆಗಳೆಲ್ಲವೂ ಈ ಬಗೆಯವೇ ಎಂಬುದನ್ನು ಎರಡು ಸಾವಿರ ವರ್ಷಗಳ ಮೇಲೆ ಆಯ್ಲರ್ ತೋರಿಸಿಕೊಟ್ಟನು. 1772ರಲ್ಲಿ 2³¹ − 1, ಎಂದರೆ 2147483647, ಅವಿಭಾಜ್ಯವೆಂದು ಸಾಧಿಸಿದವನೂ ಅವನೇ. ಆ ಸಂಖ್ಯೆಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಎಂದೂ ಕಂಡುಹಿಡಿಯಲಾರರು, ಏಕೆಂದರೆ ಉಪಯೋಗವಿಲ್ಲದ ಅಂಥ ಕೆಲಸಕ್ಕೆ ಯಾರೂ ಕೈಹಾಕರು ಎಂಬರ್ಥದ ಮಾತನ್ನು ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಬರೆದನು. ಗಣಿತಜ್ಞರ ಸ್ವಭಾವವನ್ನು ಅವನು ಅಷ್ಟಾಗಿ ತಿಳಿದಿರಲಿಲ್ಲವೆಂದು ತೋರುತ್ತದೆ.

ಆಯ್ಲರನ ಮಾರ್ಗವು ಮೂಲತಃ ಭಾಗಿಸಿ ನೋಡುವ ಮಾರ್ಗವೇ. ಆದರೆ ಭಾಗಿಸಬೇಕಾದ ಸಂಖ್ಯೆಗಳ ಸಮೂಹವನ್ನು ಬಹುವಾಗಿ ಸೋಸಿಕೊಂಡ ಮಾರ್ಗ. ಆ ಸೋಸುವಿಕೆಯನ್ನು ನಮ್ಮ ಸಂಖ್ಯೆಗೆ ಅನ್ವಯಿಸಿ ನೋಡುವುದು ಉಚಿತ. 2¹²⁷ − 1ಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದಿತೆಂದು ಭಾವಿಸಿದರೆ, ಆ ಭಾಜಕವು 254ರ ಯಾವುದಾದರೊಂದು ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕೆಂದು ಫರ್ಮಾನ ಸಿದ್ಧಾಂತ ಹೇಳುತ್ತದೆ. ಅಲ್ಲದೆ ಅದನ್ನು 8ರಿಂದ ಭಾಗಿಸಿದಾಗ ಉಳಿಯುವ ಶೇಷ 1 ಅಥವಾ 7 ಆಗಿರಬೇಕೆಂಬ ಇನ್ನೊಂದು ನಿರ್ಬಂಧವೂ ಉಂಟು. ಇವೆರಡನ್ನೂ ಒಪ್ಪುವ ಸಂಖ್ಯೆಗಳ ಸಾಲು 255, 1017, 1271, 2033, 2287 ಎಂದು ಮೊದಲಾಗುತ್ತದೆ. ಇವುಗಳಲ್ಲಿ 255 ಎಂಬುದು 3, 5, 17ರ ಗುಣಲಬ್ಧ. 1017 ಎಂಬುದು 9 ಮತ್ತು 113ರದು. 1271 ಎಂಬುದು 31 ಮತ್ತು 41ರದು. 2033 ಎಂಬುದು 19 ಮತ್ತು 107ರದು. ತಾನೇ ಅವಿಭಾಜ್ಯವಾಗಿದ್ದು ಪರೀಕ್ಷೆಗೆ ಯೋಗ್ಯವಾದ ಮೊದಲನೆಯ ಸಂಖ್ಯೆ 2287. ಅದಕ್ಕಿಂತ ಕೆಳಗಿನ ಮುನ್ನೂರಕ್ಕೂ ಹೆಚ್ಚಿನ ಅವಿಭಾಜ್ಯಗಳಲ್ಲಿ ಒಂದನ್ನೂ ಮುಟ್ಟಿ ನೋಡಬೇಕಾಗಿಲ್ಲವೆಂಬುದು ಆಶಾದಾಯಕವಾಗಿಯೇ ಕಾಣುತ್ತದೆ. ಆದರೆ ವರ್ಗಮೂಲದವರೆಗೆ, ಎಂದರೆ ಸುಮಾರು 13ರ ಮುಂದೆ ಹದಿನೆಂಟು ಸೊನ್ನೆಗಳಿರುವ ಎಲ್ಲೆಯವರೆಗೆ, ಹೀಗೆಯೇ ಮುಂದುವರಿಯಬೇಕು. ಇಷ್ಟು ಸೋಸಿದ ಮೇಲೂ ಉಳಿಯುವ ಅವಿಭಾಜ್ಯಗಳ ಸಂಖ್ಯೆ ಸುಮಾರು 10¹⁵. ನಿಮಿಷಕ್ಕೊಂದು ಭಾಗಾಕಾರದಂತೆ ಹಗಲಿರುಳು ಬಿಡದೆ ಮಾಡಿದರೂ ಇನ್ನೂರು ಕೋಟಿ ವರ್ಷಗಳು ಸಾಲವು. 1867ರಲ್ಲಿ ಫ್ರಾನ್ಸಿನ ಲಾಂದ್ರಿ ಕಂಡುಕೊಂಡಿದ್ದ, ಅಲ್ಲಿಯವರೆಗಿನ ಅತಿ ದೊಡ್ಡ ಅವಿಭಾಜ್ಯವಾದ 3203431780337 ಎಂಬುದರಲ್ಲಿ ಹದಿಮೂರು ಅಂಕಿಗಳು ಮಾತ್ರ ಇದ್ದುವೆಂಬುದನ್ನು ನೆನೆದರೆ, ಒಂದೇ ಹೆಜ್ಜೆಯಲ್ಲಿ ಮೂವತ್ತೊಂಬತ್ತು ಅಂಕಿಗಳಿಗೆ ನೆಗೆದ ಲ್ಯೂಕಾನ ಸಾಧನೆ ಹಳೆಯ ದಾರಿಯನ್ನೇ ಇನ್ನಷ್ಟು ದೂರ ನಡೆದುದರ ಫಲವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಲ್ಯೂಕಾ 1842ರಲ್ಲಿ ಆಮಿಯೆಂ ನಗರದಲ್ಲಿ ಹುಟ್ಟಿದವನು. ಪ್ಯಾರಿಸಿನ ವೇಧಶಾಲೆಯಲ್ಲಿ ಕೆಲವು ಕಾಲ ಕೆಲಸಮಾಡಿ, 1870ರ ಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದು, ಬಳಿಕ ಪ್ರೌಢಶಾಲೆಗಳಲ್ಲಿ ಗಣಿತದ ಉಪಾಧ್ಯಾಯನಾಗಿ ಬಾಳನ್ನು ಕಳೆದು 1891ರಲ್ಲಿ ತೀರಿಕೊಂಡನು. ಮೂರು ಕಂಬಗಳ ಮೇಲೆ ಬಿಲ್ಲೆಗಳನ್ನು ಒಂದರಿಂದೊಂದಕ್ಕೆ ಸಾಗಿಸುವ ‘ಹನಾಯ್ ಗೋಪುರ’ವೆಂಬ ಆಟ 1883ರಲ್ಲಿ ಅವನು ಹೊರತಂದದ್ದು, 127 ಬಿಲ್ಲೆಗಳಿಂದ ಅದನ್ನು ಆಡಿದರೆ ಅವಶ್ಯವಾದ ಕನಿಷ್ಠ ನಡೆಗಳ ಸಂಖ್ಯೆ ನಮ್ಮ ಸಂಖ್ಯೆಯೇ. ಆದರೆ ಸಂಖ್ಯಾಶಾಸ್ತ್ರದಲ್ಲಿ ಅವನ ಹೆಸರು ನಿಂತಿರುವುದು ಪ್ರತಿಯೊಂದು ಪದವೂ ಹಿಂದಿನೆರಡು ಪದಗಳ ಮೊತ್ತವಾಗಿರುವ 1, 1, 2, 3, 5, 8, 13, 21 ಎಂಬ ಶ್ರೇಢಿಯ ಭಾಜ್ಯತಾಗುಣಗಳನ್ನು ಆಳವಾಗಿ ಪರಿಶೀಲಿಸಿದುದರಿಂದ. ಫಿಬೊನಾಚ್ಚಿ ಎಂಬ ಹೆಸರನ್ನು ಈ ಶ್ರೇಢಿಗೆ ರೂಢಿಸಿದವನೂ ಅವನೇ.

ಕನ್ನಡದ ಓದುಗರಿಗೆ ಈ ಶ್ರೇಢಿ ಬೇರೊಂದು ಬಾಗಿಲಿನಿಂದ ಪರಿಚಿತ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದೆಣಿಸಿ, ಇಷ್ಟು ಮಾತ್ರೆಗಳ ಗಣಕ್ಕೆ ಎಷ್ಟು ರೂಪಗಳು ಸಾಧ್ಯವೆಂದು ಪ್ರಸ್ತಾರ ಹಾಕಿದರೆ, ಮೂರು ಮಾತ್ರೆಗೆ ಮೂರು, ಕಂದಪದ್ಯದಲ್ಲಿ ಬರುವ ನಾಲ್ಕು ಮಾತ್ರೆಯ ಗಣಕ್ಕೆ ಐದು, ಐದು ಮಾತ್ರೆಗೆ ಎಂಟು, ಆರಕ್ಕೆ ಹದಿಮೂರು, ಏಳಕ್ಕೆ ಇಪ್ಪತ್ತೊಂದು ರೂಪಗಳು ದೊರೆಯುತ್ತವೆ. ಛಂದಶ್ಶಾಸ್ತ್ರಜ್ಞರಾದ ವಿರಹಾಂಕ, ಹೇಮಚಂದ್ರ ಮೊದಲಾದವರು ಇಟಲಿಯ ಫಿಬೊನಾಚ್ಚಿಗಿಂತ ಮುಂಚೆಯೇ ಇದನ್ನು ಹೇಳಿದ್ದರು. ಭಾಮಿನೀ ಷಟ್ಪದಿಯ ಮೂರು–ನಾಲ್ಕು ಮಾತ್ರೆಗಳ ಜೋಡಿಯನ್ನು ತೆಗೆದುಕೊಂಡರೆ ಮೂರಕ್ಕೆ ಮೂರು, ನಾಲ್ಕಕ್ಕೆ ಐದು ಸೇರಿ ಹದಿನೈದು ರೂಪಗಳು. ಗಣದ ಗಡಿಯ ಮೇಲೆ ಗುರುವೊಂದು ಆಚೀಚೆ ಚಾಚಿಕೊಂಡಿರುವ ರೂಪಗಳು ಆರು. ಅಂತು ಏಳು ಮಾತ್ರೆಗೆ ಇಪ್ಪತ್ತೊಂದು. ಲಘುವಿನ ಮೇಲೆ ಗುರು ಬಂದು ಮೊದಲಾಗುವ ಗಣಗಳನ್ನು ಷಟ್ಪದಿಯ ಕವಿಗಳು ಬಳಸುವುದಿಲ್ಲವೆಂಬುದು ಬೇರೆಯ ಮಾತು. ಈಗ ಒಂದು ಚಮತ್ಕಾರವನ್ನು ನೋಡಬೇಕು. ನಾಲ್ಕು ಮಾತ್ರೆಯ ರೂಪಗಳು ಐದು: ಐದನ್ನು ನಾಲ್ಕು ಭಾಗಿಸದು. ಐದು ಮಾತ್ರೆಯವು ಎಂಟು: ಎಂಟನ್ನು ಐದು ಭಾಗಿಸದು. ಆದರೆ ಮೂರು ಮಾತ್ರೆಯ ರೂಪಗಳು ಮೂರು. ಏಳು ಮಾತ್ರೆಯವು ಏಳು ಮೂರಲ ಇಪ್ಪತ್ತೊಂದು. ಇದೇ ರೀತಿಯಲ್ಲಿ 127 ಮಾತ್ರೆಗಳ ಸಾಲಿನ ರೂಪಗಳ ಸಂಖ್ಯೆ 127ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 2¹²⁷ − 1 ಮಾತ್ರೆಗಳ ಸಾಲೊಂದನ್ನು ಕಲ್ಪಿಸಿಕೊಂಡರೆ ಅದರ ರೂಪಗಳ ಸಂಖ್ಯೆಯೂ ಅಷ್ಟೇ ಶುದ್ಧವಾಗಿ 2¹²⁷ − 1ರಿಂದ ಭಾಗವಾಗುತ್ತದೆ. ಲ್ಯೂಕಾ 1876ರಲ್ಲಿ ಕಂಡುಕೊಂಡ ಗುಣದ ಒಂದು ಮುಖವನ್ನು ನಮ್ಮ ಛಂದಸ್ಸಿನ ಭಾಷೆಯಲ್ಲಿ ಹೇಳಿದರೆ ಹೀಗಾಗುತ್ತದೆ. ಮಾತ್ರೆಗಳ ಸಂಖ್ಯೆಗಿಂತ ಶ್ರೇಢಿಯಲ್ಲಿನ ಸ್ಥಾನ ಒಂದು ಹೆಚ್ಚಾಗಿರುವುದರಿಂದ, ಇಲ್ಲಿ ಮಾತನಾಡುತ್ತಿರುವುದು ಶ್ರೇಢಿಯ 2¹²⁷ನೆಯ ಪದವನ್ನು ಕುರಿತು. ಅದಕ್ಕಿಂತ ಹಿಂದಿನ ಯಾವ ಪದವನ್ನೂ ನಮ್ಮ ಸಂಖ್ಯೆ ಭಾಗಿಸುವುದಿಲ್ಲ. ಆ ಪದದಲ್ಲಿಯೇ ಅದರ ಪ್ರಥಮಪ್ರವೇಶ.

ಅವಿಭಾಜ್ಯತೆಯ ಪ್ರಮಾಣವು ಅಡಗಿರುವುದು ಈ ಪ್ರಥಮಪ್ರವೇಶದಲ್ಲಿಯೇ. ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ ಅದು ಈ ಶ್ರೇಢಿಯ ಯಾವುದಾದರೊಂದು ಪದವನ್ನು ಭಾಗಿಸಿಯೇ ಭಾಗಿಸುತ್ತದೆ. ಮತ್ತು ಆ ಪದದ ಸ್ಥಾನವು ಆ ಅವಿಭಾಜ್ಯಕ್ಕಿಂತ ಒಂದಕ್ಕೆ ಮೀರಿ ದೊಡ್ಡದಾಗಿರುವುದಿಲ್ಲ. 7 ಎಂಟನೆಯ ಪದದೊಳಗೆ ಕಾಣಿಸಿಕೊಳ್ಳಲೇಬೇಕು, 11 ಹನ್ನೆರಡನೆಯದರೊಳಗೆ, ಹೀಗೆ. ಅಲ್ಲದೆ ಒಂದು ಅವಿಭಾಜ್ಯವು ಮೊದಲು ಕಾಣಿಸಿಕೊಂಡ ಸ್ಥಾನವು ಅದು ಮುಂದೆ ಭಾಗಿಸುವ ಪ್ರತಿಯೊಂದು ಪದದ ಸ್ಥಾನವನ್ನೂ ಭಾಗಿಸುತ್ತದೆ. ಈಗ 2¹²⁷ − 1ಕ್ಕೆ ತನಗಿಂತ ಚಿಕ್ಕದಾದ ಅವಿಭಾಜ್ಯ ಭಾಜಕವೊಂದಿದೆಯೆಂದು ಊಹಿಸೋಣ. ಅದು 2¹²⁷ನೆಯ ಪದವನ್ನು ಭಾಗಿಸುವುದಾದ್ದರಿಂದ ಅದರ ಪ್ರಥಮಸ್ಥಾನವು 2¹²⁷ರ ಭಾಜಕ. ಎರಡರ ಘಾತಕ್ಕೆ ಎರಡರ ಘಾತಗಳಲ್ಲದೆ ಬೇರೆ ಭಾಜಕಗಳೇ ಇಲ್ಲ. ಅದು 2¹²⁶ನೆಯ ಪದವನ್ನು ಭಾಗಿಸುವುದಿಲ್ಲವೆಂದು ಲೆಕ್ಕದಿಂದ ಸಿದ್ಧವಾಯಿತೆಂದರೆ, ಅದರ ಪ್ರಥಮಸ್ಥಾನ 2¹²⁷ ಅಲ್ಲದೆ ಬೇರೆಯಾಗುವಂತಿಲ್ಲ. ಹಾಗಾದರೆ ಆ ಭಾಜಕವು 2¹²⁷ − 1ಕ್ಕಿಂತ ಕಡಮೆಯಾಗಿರಲಾರದು. ಊಹೆಯು ತಾನೇ ಕುಸಿಯುತ್ತದೆ. ಇಡಿಯ ವಾದದಲ್ಲಿ ನಮ್ಮ ಸಂಖ್ಯೆಯ ಒಡಲನ್ನು ಎಲ್ಲಿಯೂ ಸೀಳಿ ನೋಡಿಲ್ಲ. ಮಗ್ಗುಲ ಸಂಖ್ಯೆಯ ಭಾಜಕಗಳೆಲ್ಲ ನಮಗೆ ತಿಳಿದಿವೆಯೆಂಬ ಒಂದೇ ಆಸರೆಯ ಮೇಲೆ ಎಲ್ಲವೂ ನಿಂತಿದೆ. ಈ ಲೇಖಕನ ಎಣಿಕೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಸಂಖ್ಯಾಗಣಿತದಲ್ಲಿ ಇಷ್ಟು ಕಿರಿದಾಗಿ ಇಷ್ಟು ದೂರ ಮುಟ್ಟುವ ವಾದಗಳು ಹೆಚ್ಚಿಲ್ಲ.

ಲೆಕ್ಕವನ್ನು ನಡೆಸುವುದು ಹೇಗೆ? ಶ್ರೇಢಿಯ 2¹²⁷ನೆಯ ಪದವನ್ನು ಬರೆಯುವುದು ಅಸಾಧ್ಯ. ಅದರಲ್ಲಿರುವ ಅಂಕಿಗಳನ್ನು ಎಣಿಸುವುದಕ್ಕೇ ಮೂವತ್ತೆಂಟು ಅಂಕಿಗಳ ಸಂಖ್ಯೆ ಬೇಕು. ಆದರೆ ಶೇಷಗಳನ್ನು ಮಾತ್ರ ಇಟ್ಟುಕೊಂಡು, ಸ್ಥಾನವನ್ನು ಪ್ರತಿ ಹೆಜ್ಜೆಗೂ ಇಮ್ಮಡಿಸುತ್ತ ಹೋಗುವ ಸುಲಭವಾದ ವಿಧಿಯೊಂದುಂಟು: 3ರಿಂದ ಆರಂಭಿಸಿ, ವರ್ಗಮಾಡಿ 2ನ್ನು ಕಳೆ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಉಳಿಸಿಕೊ, ಮತ್ತೆ ವರ್ಗಮಾಡು. ಘಾತಾಂಕಕ್ಕಿಂತ ಒಂದು ಕಡಮೆಯಾದ ಸ್ಥಾನದಲ್ಲಿ ಶೇಷವು ಶೂನ್ಯವಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. ಘಾತಾಂಕವನ್ನು 4ರಿಂದ ಭಾಗಿಸಿದಾಗ 3 ಉಳಿಯುವಲ್ಲಿ ಈ ವಿಧಿ ಸಲ್ಲುತ್ತದೆ, 127 ಅಂಥದು. ಚಿಕ್ಕ ಉದಾಹರಣೆಗಾಗಿ 7ನ್ನು ಘಾತಾಂಕವಾಗಿ ತೆಗೆದುಕೊಂಡು 2⁷ − 1 = 127ನ್ನು ಪರೀಕ್ಷಿಸೋಣ. ಮೊದಲು 3, ಅದರ ವರ್ಗದಲ್ಲಿ 2 ಕಳೆದರೆ 7, ಮುಂದೆ 47, 47ರ ವರ್ಗ 2209, ಎರಡು ಕಳೆದರೆ 2207, ಇದನ್ನು 127ರಿಂದ ಭಾಗಿಸಿದರೆ ಶೇಷ 48, 48ರಿಂದ 2302, ಶೇಷ 16, 16ರಿಂದ 254, ಅದು 127ರ ಇಮ್ಮಡಿ, ಶೇಷ ಶೂನ್ಯ. ಆರನೆಯ ಸ್ಥಾನದಲ್ಲಿ ಶೂನ್ಯವು ಬಂದುದರಿಂದ 127 ಅವಿಭಾಜ್ಯ. ಇದೇ ವಿಧಿಯನ್ನು 2047ರ ಮೇಲೆ ನಡೆಸಿದರೆ 3, 7, 47, 160, 1034, 620, 1609, 1471, 160, 1034 ಎಂದು ಹತ್ತನೆಯ ಸ್ಥಾನದವರೆಗೂ ಶೂನ್ಯವು ಬಾರದೆ, ಒಂಬತ್ತನೆಯ ಶೇಷವು ನಾಲ್ಕನೆಯದಕ್ಕೇ ಮರಳಿ, ಲೆಕ್ಕವು ಅಲ್ಲಿಂದಾಚೆಗೆ ಗಾಣದೆತ್ತಿನಂತೆ ಅದೇ ಸುತ್ತಿನಲ್ಲಿ ತಿರುಗುತ್ತದೆ. 2047ರ ಭಾಜಕಗಳು 23 ಮತ್ತು 89 ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳಲಿಲ್ಲವೆಂಬುದನ್ನು ಗಮನಿಸಬೇಕು.

2¹²⁷ − 1ರ ಪರೀಕ್ಷೆಗೆ ಇಂಥ ನೂರಿಪ್ಪತ್ತೈದು ವರ್ಗೀಕರಣಗಳು ಬೇಕು. ಒಂದೊಂದರಲ್ಲಿಯೂ ಮೂವತ್ತೊಂಬತ್ತು ಅಂಕಿಗಳವರೆಗಿನ ಸಂಖ್ಯೆಯನ್ನು ವರ್ಗಮಾಡಿ ಬಂದ ಎಪ್ಪತ್ತೇಳು ಅಂಕಿಗಳವರೆಗಿನ ಲಬ್ಧವನ್ನು ಮತ್ತೆ ಮೂವತ್ತೊಂಬತ್ತು ಅಂಕಿಗಳಿಗೆ ಇಳಿಸಬೇಕು. ಹೆದರಿಸುವ ಕೆಲಸವೇ, ಆದರೂ ಇನ್ನೂರು ಕೋಟಿ ವರ್ಷಗಳ ಕೆಲಸವಲ್ಲ. ಇಲ್ಲಿ ಭಾಗಾಕಾರವನ್ನು ಪೂರ್ತಿಯಾಗಿ ತಪ್ಪಿಸಿಕೊಳ್ಳುವ ಸೌಕರ್ಯವೂ ಈ ಸಂಖ್ಯೆಯ ರೂಪದಲ್ಲಿಯೇ ಇದೆ. ದ್ವಿಮಾನ ಪದ್ಧತಿಯಲ್ಲಿ ಬರೆದರೆ 2¹²⁷ − 1 ಎಂಬುದು ನೂರಿಪ್ಪತ್ತೇಳು ಒಂದುಗಳ ಸಾಲು, ಬೇರೆ ಏನೂ ಅಲ್ಲ. ಹಿಂದುಮುಂದಾಗಿ ಓದಿದರೂ ಅದೇ. ಇಂಥ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಪಡೆಯಬೇಕಾದರೆ ಭಾಜ್ಯವನ್ನು ಬಲಗಡೆಯಿಂದ ನೂರಿಪ್ಪತ್ತೇಳು ಸ್ಥಾನಗಳಿಗೆ ಕತ್ತರಿಸಿ ಎರಡು ತುಂಡುಗಳನ್ನೂ ಕೂಡಿದರೆ ಸಾಕು. ಮೇಲಿನ ಉದಾಹರಣೆಯ 2207ನ್ನೇ ನೋಡಿ: ದ್ವಿಮಾನದಲ್ಲಿ ಅದು 100010011111. ಬಲದ ಏಳು ಸ್ಥಾನಗಳನ್ನು ಬೇರ್ಪಡಿಸಿದರೆ ಎಡಗಡೆ 10001, ಎಂದರೆ 17. ಬಲಗಡೆ 0011111, ಎಂದರೆ 31. ಎರಡೂ ಸೇರಿ 48. ಭಾಗಾಕಾರದಿಂದ ಬಂದ ಶೇಷವೂ ಅದೇ ಆಗಿತ್ತು. ಚದುರಂಗದ ಹಾಸಿನಂತೆ ಮನೆಗಳಾಗಿ ಗೆರೆಯೆಳೆದ ಮಣೆಯ ಮೇಲೆ ಕಾಯಿಗಳನ್ನಿಟ್ಟು ಸರಿಸುತ್ತ ಇಂಥ ದ್ವಿಮಾನಗಣನೆಯನ್ನು ಮಾಡುವ ಕ್ರಮವನ್ನು ಲ್ಯೂಕಾ ವಿವರಿಸಿದ್ದಾನೆ. ಕಾಯಿ ಇದ್ದ ಮನೆ ಒಂದು, ಇಲ್ಲದ ಮನೆ ಸೊನ್ನೆ.

ಈ ವಿಧಿಯನ್ನು 67 ಎಂಬ ಘಾತಾಂಕಕ್ಕೂ ಪ್ರಯೋಗಿಸಿ, ಮರ್ಸೆನ್ನನ ಪಟ್ಟಿಯಲ್ಲಿದ್ದ 2⁶⁷ − 1 ಅವಿಭಾಜ್ಯವಲ್ಲವೆಂದು ಲ್ಯೂಕಾ ಅದೇ ವರ್ಷ ತೋರಿಸಿದನು. ಹಾಗಾದರೆ ಅದರ ಭಾಜಕಗಳು ಯಾವುವೆಂಬ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ. ಒಂದು ಸಂಖ್ಯೆ ಒಡೆಯುತ್ತದೆಂದು ನಿಶ್ಚಯವಾಗಿ ತಿಳಿದಿದ್ದೂ ಎಲ್ಲಿ ಒಡೆಯುತ್ತದೆಂದು ತಿಳಿಯದಿರುವ ಈ ಸ್ಥಿತಿ ಆಗಿನವರಿಗೆ ವಿಲಕ್ಷಣವಾಗಿ ತೋರಿರಬೇಕು. ಈಗಿನ ಗುಪ್ತಲಿಪಿಶಾಸ್ತ್ರದ ದೊಡ್ಡದೊಂದು ಭಾಗವು ಅದೇ ಸ್ಥಿತಿಯ ಮೇಲೆ ನಿಂತಿದೆ. ಭಾಜಕಗಳು 193707721 ಮತ್ತು 761838257287 ಎಂಬುದನ್ನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ 1903ರಲ್ಲಿ ಪ್ರಕಟಿಸಿದನು.

ಇನ್ನು ಈ ಸಂಖ್ಯೆಯ ಒಳಗಣ ಅಂಕಗಣಿತವನ್ನು, ಎಂದರೆ ಎಲ್ಲ ಲೆಕ್ಕಗಳನ್ನೂ ಇದರಿಂದ ಭಾಗಿಸಿ ಉಳಿಯುವ ಶೇಷಗಳಲ್ಲಿಯೇ ನಡೆಸಿದಾಗ ಕಾಣುವ ಗುಣಗಳನ್ನು, ಸಂಕ್ಷೇಪವಾಗಿ ಹೇಳಬಹುದು. ಅಲ್ಲಿ 2¹²⁷ ಎಂಬುದು 1ಕ್ಕೆ ಸಮಾನ. ಆದ್ದರಿಂದ ಎರಡರ ಘಾತಗಳು 127 ಹೆಜ್ಜೆಗಳಲ್ಲಿ ಒಂದು ಆವರ್ತವನ್ನು ಮುಗಿಸುತ್ತವೆ. ಎರಡಕ್ಕೆ ಅಲ್ಲಿ ವರ್ಗಮೂಲವುಂಟು, ಅದು 2⁶⁴: ಅದನ್ನು ವರ್ಗಮಾಡಿದರೆ 2¹²⁸, ಅದರಿಂದ 2¹²⁷ನ್ನು ಕಳಚಿದರೆ ಉಳಿಯುವುದು 2. ಸಾಮಾನ್ಯ ಪೂರ್ಣಾಂಕಗಳಲ್ಲಿ ಎಂದಿಗೂ ದೊರೆಯದ ಎರಡರ ವರ್ಗಮೂಲವು ಇಲ್ಲಿ ಇಷ್ಟು ಸುಲಭವಾಗಿ ಕೈಗೆ ಬರುವುದು ಮೊದಲ ಬಾರಿ ನೋಡಿದವರಿಗೆ ಕಣ್ಕಟ್ಟಿನಂತೆ ತೋರದಿರದು. ಋಣ ಒಂದಕ್ಕಾಗಲಿ, 3ಕ್ಕಾಗಲಿ, 5ಕ್ಕಾಗಲಿ ಅಲ್ಲಿ ವರ್ಗಮೂಲವಿಲ್ಲ; ಐದಕ್ಕೆ ಇಲ್ಲದಿರುವುದೇ ಹಿಂದೆ ಹೇಳಿದ ಶ್ರೇಢಿಯಲ್ಲಿ ಈ ಸಂಖ್ಯೆ ತನಗಿಂತ ಒಂದು ಹೆಚ್ಚಿನ ಸ್ಥಾನದಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾರಣ. ವರ್ಗಮೂಲವಿರುವ ಯಾವ ಶೇಷವನ್ನು ಕೊಟ್ಟರೂ ಅದನ್ನು 125 ಸಲ ಒಂದೇಸಮನೆ ವರ್ಗಮಾಡುತ್ತ ಹೋದರೆ ಅದರ ವರ್ಗಮೂಲವೇ ಬಂದು ನಿಲ್ಲುತ್ತದೆ. ಮೇಲಣ ನೆರೆಯಾದ 2¹²⁷ ಎರಡೆಂಬ ಒಂದೇ ಅವಿಭಾಜ್ಯದಿಂದ ಆದುದಾದರೆ, ಕೆಳಗಣ ನೆರೆಯಾದ 2¹²⁷ − 2 ಹನ್ನೆರಡು ಬೇರೆಬೇರೆ ಅವಿಭಾಜ್ಯಗಳಿಂದ ಕೂಡಿದೆ: 2, 3, 7, 19, 43, 73, 127, 337, 5419, 92737, 649657, 77158673929, ಇವುಗಳಲ್ಲಿ 3 ಮೂರು ಸಲ, 7 ಎರಡು ಸಲ ಬರುತ್ತವೆ. 127 ಈ ಪಟ್ಟಿಯಲ್ಲಿರುವುದು ಆಕಸ್ಮಿಕವಲ್ಲ, ಫರ್ಮಾನ ಸಿದ್ಧಾಂತದ ನೇರವಾದ ಫಲ. ಈ ಗಾತ್ರದ ಸಂಖ್ಯೆಗಳ ನಡುವೆ ಸರಾಸರಿ ಎಂಬತ್ತೆಂಟಕ್ಕೊಂದು ಅವಿಭಾಜ್ಯವಾಗಿರುತ್ತದೆ.

ಲ್ಯೂಕಾನ ವಾದಗಳಲ್ಲಿ ಕೆಲವೆಡೆ ಉಳಿದಿದ್ದ ಸಡಿಲವನ್ನು ಅಮೆರಿಕದ ಡಿ. ಎಚ್. ಲೇಮರ್ 1930ರಲ್ಲಿ ಬಿಗಿಗೊಳಿಸಿ, 3ರ ಬದಲು 4ರಿಂದ ಆರಂಭಿಸಿದರೆ ಎರಡನ್ನುಳಿದ ಎಲ್ಲ ಅವಿಭಾಜ್ಯ ಘಾತಾಂಕಗಳಿಗೂ ಒಂದೇ ವಿಧಿ ಸಲ್ಲುತ್ತದೆಂದು ತೋರಿಸಿದನು. ಲ್ಯೂಕಾ–ಲೇಮರ್ ಪರೀಕ್ಷೆಯೆಂದು ಇಂದು ಹೆಸರಾಗಿರುವುದು ಇದೇ. 1951ರಲ್ಲಿ ಫ್ರಾನ್ಸಿನ ಫೆರಿಯೆ ಮೇಜಿನ ಮೇಲಣ ಗಣನಯಂತ್ರದಿಂದ ನಲವತ್ತನಾಲ್ಕು ಅಂಕಿಗಳ (2¹⁴⁸ + 1)/17 ಎಂಬ ಅವಿಭಾಜ್ಯವನ್ನು ಸಾಧಿಸಿದಾಗ ನಮ್ಮ ಸಂಖ್ಯೆಯ ಹಿರಿತನ ಮುಗಿಯಿತು. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಮಿಲರ್ ಮತ್ತು ವೀಲರ್ ಎಂಬಿಬ್ಬರು ಎಡ್ಸ್ಯಾಕ್ ಎಂಬ ವಿದ್ಯುನ್ಮಾನ ಗಣಕದ ಮೇಲೆ ಎಪ್ಪತ್ತೊಂಬತ್ತು ಅಂಕಿಗಳ ಅವಿಭಾಜ್ಯವೊಂದನ್ನು ಪಡೆದರು; ಅದು ಬೇರೆ ಯಾವುದೂ ಅಲ್ಲ, 2¹²⁷ − 1ರ ವರ್ಗವನ್ನು 180ರಿಂದ ಗುಣಿಸಿ ಒಂದನ್ನು ಕೂಡಿದುದು. ಹೊಸ ಸಂಖ್ಯೆಯ ಕೆಳನೆರೆಯ ಭಾಜಕಗಳು ತಿಳಿದಿರಬೇಕೆಂಬ ಕಾರಣದಿಂದಲೇ ಅವರು ಲ್ಯೂಕಾನ ಅವಿಭಾಜ್ಯವನ್ನು ಅಸ್ತಿಭಾರವಾಗಿ ಇಟ್ಟುಕೊಂಡರು. ಮರುವರ್ಷ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ಸ್ವ್ಯಾಕ್ ಎಂಬ ಗಣಕದ ಮೇಲೆ ರಾಬಿನ್ಸನ್ ಬರೆದ ಕ್ರಮವಿಧಿಯು 2⁵²¹ − 1, 2⁶⁰⁷ − 1 ಎಂಬೆರಡು ಅವಿಭಾಜ್ಯಗಳನ್ನು ಒಂದೇ ದಿನದಲ್ಲಿ ಹೊರಗೆಡಹಿತು. ಅಲ್ಲಿಂದ ಮುಂದಿನ ಕಥೆ ಯಂತ್ರಗಳದು. ನೆರೆಯ ಸಂಖ್ಯೆಯ ಸಹಾಯವನ್ನೇ ಬೇಡದೆ ಯಾವ ಸಂಖ್ಯೆಯನ್ನಾದರೂ ಮಿತವಾದ ಕಾಲದಲ್ಲಿ ನಿರ್ಣಯಿಸುವ ವಿಧಿಯನ್ನು 2002ರಲ್ಲಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಆದರೂ ದೊಡ್ಡ ದಾಖಲೆಗಳ ಕ್ಷೇತ್ರದಲ್ಲಿ ಮರ್ಸೆನ್ ಸಂಖ್ಯೆಗಳ ವಿಶೇಷ ಸೌಕರ್ಯವನ್ನು ಅದು ಕದಲಿಸಿಲ್ಲ.

ದಾಖಲೆಯ ಪಟ್ಟಿಯಿಂದ ಇಳಿದ ಮೇಲೆ ಈ ಸಂಖ್ಯೆಗೆ ಇನ್ನೊಂದು ಉದ್ಯೋಗವು ದೊರೆತಿದೆ. ನೂರಿಪ್ಪತ್ತೆಂಟು ಬಿಟ್‌ಗಳಲ್ಲಿ ಧನ, ಋಣ ಎರಡನ್ನೂ ಇಡುವ ಗಣಕದಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಾಂಕವು ಇದೇ ಆಗಿದ್ದು, ಕತ್ತರಿಸಿ ಕೂಡುವ ಮೇಲಣ ಉಪಾಯವು ಯಂತ್ರಕ್ಕೂ ಅಷ್ಟೇ ಅನುಕೂಲವಾದ್ದರಿಂದ, ಸಂದೇಶಗಳ ದೃಢೀಕರಣದ ಕೆಲವು ವಿಧಾನಗಳಲ್ಲಿ ಇದನ್ನು ಬಳಸುತ್ತಾರೆ. 2015ರಲ್ಲಿ ಕಾಸ್ಟೆಲೊ ಮತ್ತು ಲೊಂಗಾ ಪ್ರಕಟಿಸಿದ ‘ಫೋರ್‌ಕ್ಯೂ’ ಎಂಬ ದೀರ್ಘವೃತ್ತೀಯ ವಕ್ರವು ಇದರ ಮೇಲೆಯೇ ಕಟ್ಟಿದುದು.

ಕೊನೆಯದಾಗಿ, ಹಿಂದೆ ಸೂಚಿಸಿದ ಸರಪಳಿಯ ಮಾತು. 2ನ್ನು ಘಾತಾಂಕವಾಗಿಟ್ಟರೆ 2² − 1 = 3; 3ನ್ನು ಇಟ್ಟರೆ 7; 7ನ್ನು ಇಟ್ಟರೆ 127; 127ನ್ನು ಇಟ್ಟರೆ ನಮ್ಮ ಸಂಖ್ಯೆ. ಪ್ರತಿಯೊಂದೂ ಅವಿಭಾಜ್ಯ, ಪ್ರತಿಯೊಂದೂ ಮುಂದಿನದಕ್ಕೆ ಘಾತಾಂಕ. ಲ್ಯೂಕಾನ ಫಲಿತಾಂಶವು ಹೊರಬಿದ್ದೊಡನೆಯೇ ಇದನ್ನು ಗಮನಿಸಿದವನು ಬೆಲ್ಜಿಯಮ್ಮಿನಲ್ಲಿ ನೆಲಸಿದ್ದ ಗಣಿತಜ್ಞ ಯೂಜೇನ್ ಕತಲಾನ್. ಸರಪಳಿಯು ಹೀಗೆಯೇ ಮುಂದುವರಿಯುವುದೆ ಎಂಬ ಆಸೆಗೆ ಇದೊಂದರಿಂದ ಬಲ ಬರಲಾರದು. 2¹³ − 1 = 8191 ಅವಿಭಾಜ್ಯವಾಗಿದ್ದರೂ ಅದನ್ನು ಘಾತಾಂಕವಾಗಿ ಇಟ್ಟಾಗ ಬರುವ 2⁸¹⁹¹ − 1 ಅವಿಭಾಜ್ಯವಲ್ಲವೆಂದು 1953ರಲ್ಲಿ ವೀಲರ್ ಗಣಕದಿಂದ ತೋರಿಸಿದನು; 338193759479 ಎಂಬ ಅದರ ಭಾಜಕವು ದೊರೆತುದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. 2¹²⁷ − 1ನ್ನೇ ಘಾತಾಂಕವಾಗಿ ಉಳ್ಳ ಮುಂದಿನ ಕೊಂಡಿಯಲ್ಲಿ ಅಂಕಿಗಳ ಸಂಖ್ಯೆ 5ರ ಮುಂದೆ ಮೂವತ್ತೇಳು ಸೊನ್ನೆಗಳನ್ನು ಮೀರುತ್ತದೆ. ಅಷ್ಟು ಅಂಕಿಗಳನ್ನು ಬರೆದಿಡುವ ಸ್ಥಳವೇ ಇಲ್ಲದಿರುವಾಗ ಅದರ ಮೇಲೆ ಲ್ಯೂಕಾನ ಪರೀಕ್ಷೆಯನ್ನು ನಡೆಸುವ ಮಾತೆಲ್ಲಿ ಬಂತು? ಅದಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದರೆ ಆ ಭಾಜಕವು 2¹²⁷ − 1ರ ಇಮ್ಮಡಿಯ ಯಾವುದಾದರೊಂದು ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕೆಂಬುದು ಮಾತ್ರ ಗೊತ್ತು. ಆ ರೂಪದ ಸಂಖ್ಯೆಗಳನ್ನು ಕೆಳಗಿನಿಂದ ಒಂದೊಂದಾಗಿ ಪರೀಕ್ಷಿಸುತ್ತ ಹೋಗುವ ಕೆಲಸವು ಗಣಕಗಳ ಮೇಲೆ ನಡೆದಿದೆ. ಈವರೆಗೆ ಒಂದು ಭಾಜಕವೂ ಸಿಕ್ಕಿಲ್ಲ.